ರೋಗಿಯ ಪಕ್ಕದ ಕುರ್ಚಿ: ವೈದ್ಯ ವಿದ್ಯಾರ್ಥಿಗಳು ಮನೋವೈದ್ಯಶಾಸ್ತ್ರದ ಕಡೆ ಬರುವುದು ಹೇಗೆ



ಈ ದತ್ತಿ ಉಪನ್ಯಾಸದ ವಿಷಯವನ್ನು ತಾವು ನನ್ನ ಆಯ್ಕೆಗೇ ಬಿಟ್ಟಿರಿ. ಅದಕ್ಕಾಗಿ ಕೃತಜ್ಞತೆಗಳು. ಮನೋವೈದ್ಯನಾಗಿ ಮತ್ತು ಆ ವಿಷಯದ ಅಧ್ಯಾಪಕನಾಗಿ ನನ್ನ ವೃತ್ತಿಯ ಬದುಕೆಲ್ಲ ಈ ಮುಂಬಯಿಯಲ್ಲೇ ಕಳೆದಿದೆ. ಇಷ್ಟು ಕಾಲವೂ ನನ್ನನ್ನು ಬಿಡದೆ ಕಾಡಿದ ಪ್ರಶ್ನೆಯೊಂದಿದೆ. ಎಂ.ಬಿ.ಬಿ.ಎಸ್. ಮುಗಿಸಿದ ಒಬ್ಬ ಹುಡುಗ ಅಥವಾ ಹುಡುಗಿ ಹೃದಯ, ಮೂಳೆ, ಚರ್ಮ, ಸ್ಕ್ಯಾನಿಂಗ್ ಎಲ್ಲವನ್ನೂ ಬಿಟ್ಟು ಮನಸ್ಸಿನ ಕಾಯಿಲೆಯನ್ನೇ ತಮ್ಮ ಕೆಲಸವೆಂದು ಏಕೆ ಆರಿಸಿಕೊಳ್ಳುತ್ತಾರೆ? ಬಹುಪಾಲು ಮಂದಿ ಏಕೆ ಆರಿಸಿಕೊಳ್ಳುವುದಿಲ್ಲ?

ಇದು ವೈದ್ಯರು ತಮ್ಮೊಳಗೆ ಚರ್ಚಿಸಿಕೊಳ್ಳಬೇಕಾದ ವಿಷಯ ಮಾತ್ರವಾಗಿದ್ದರೆ ಈ ಸಭೆಯ ಮುಂದೆ ತರುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಚಿಕಿತ್ಸೆ ಸಿಗದೆ ಉಳಿದವರು, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92. ಒಂದು ಲಕ್ಷ ಜನಕ್ಕೆ ಕನಿಷ್ಠ 3 ಮನೋವೈದ್ಯರಾದರೂ ಬೇಕು ಎನ್ನುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ನಮ್ಮಲ್ಲಿ ಇರುವುದು 0.75. ಹಾಗಾಗಿ ಎಂ.ಬಿ.ಬಿ.ಎಸ್. ಮುಗಿಸಿದ ಒಬ್ಬ ವಿದ್ಯಾರ್ಥಿ ಪಿ.ಜಿ. ಸೀಟು ಹಂಚುವ ಕೌನ್ಸೆಲಿಂಗ್ ದಿನ ಯಾವ ಸೀಟು ಹಿಡಿಯುತ್ತಾನೆ ಎನ್ನುವುದು ನಮ್ಮೆಲ್ಲರ ಮನೆಗೂ ಸಂಬಂಧಪಟ್ಟ ಸಂಗತಿ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮನೋವೈದ್ಯರಾಗುವವರು ಹುಟ್ಟಿನಿಂದಲೇ ಬೇರೆ ತೆರನ ಜನರೇನೂ ಅಲ್ಲ. ರೋಗಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಅವರ ಮಾತನ್ನು ಕೊನೆಯವರೆಗೂ ಕೇಳಿ, ತಾನು ಕೇಳಿಸಿಕೊಂಡದ್ದರಿಂದಲೇ ಅವರಿಗೆ ಗುಣವಾಗುವ ದಾರಿ ತೆರೆದದ್ದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಈ ಕಡೆ ಬರುತ್ತಾನೆ. ಆ ಕುರ್ಚಿಯವರೆಗೆ ಅವನನ್ನು ಕರೆತರುವವರೂ ತಡೆಯುವವರೂ ನಾವೇ. ಮೊದಲು ನಾವೀಗ ಕುಳಿತಿರುವ ಬೈಕುಲ್ಲಾದ ಕಥೆ ಹೇಳುತ್ತೇನೆ. ಬಳಿಕ ವಿದ್ಯಾರ್ಥಿ ಕಾಲೇಜಿಗೆ ಬರುವ ಮುನ್ನ ಮನೆಯಲ್ಲಿ ಏನಾಗುತ್ತದೆ, ವಾರ್ಡಿನಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. ಕೊನೆಗೆ ಭಾಷೆಯ ಮಾತಿಗೆ ಬರುತ್ತೇನೆ. ಅದನ್ನು ಮುಂಬಯಿ ಕನ್ನಡಿಗರ ಈ ಸಭೆಯಲ್ಲೇ ಹೇಳಬೇಕೆಂದು ಇಟ್ಟುಕೊಂಡಿದ್ದೇನೆ.

ಬೈಕುಲ್ಲಾ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಜೆ.ಜೆ. ಆಸ್ಪತ್ರೆಯಿದೆ, ಅದರ ಆವರಣದಲ್ಲೇ ಗ್ರಾಂಟ್ ಮೆಡಿಕಲ್ ಕಾಲೇಜು. ಎರಡೂ ಆರಂಭವಾದದ್ದು 1845ರಲ್ಲಿ. ಅದೇ 1845ರಲ್ಲಿ, ಆಗ ಇದೇ ಮುಂಬಯಿ ಪ್ರಾಂತ್ಯದ ಕಡೆಗೆ ಸೇರಿದ್ದ ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಇಂದಿನ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲ ಅದು. ಒಂದೇ ವರ್ಷ, ಒಂದೇ ಸರ್ಕಾರ, ಎರಡು ಕಟ್ಟಡ. ಒಂದರಲ್ಲಿ ವಿದ್ಯಾರ್ಥಿಗಳಿದ್ದರು, ಇನ್ನೊಂದರಲ್ಲಿ ಮಾನಸಿಕ ರೋಗಿಗಳಿದ್ದರು. ಇಬ್ಬರೂ ಪರಸ್ಪರರ ಮುಖ ನೋಡಲಿಲ್ಲ. ವೈದ್ಯ ಕಲಿಯುವವನು ಜ್ವರ, ಗಾಯ, ಹೆರಿಗೆ, ಪ್ಲೇಗು ಎಲ್ಲವನ್ನೂ ಆಸ್ಪತ್ರೆಯಲ್ಲೇ ಕಂಡ. ಮನಸ್ಸು ಕೆಟ್ಟವರನ್ನು ಮಾತ್ರ ಕಾಣಲಿಲ್ಲ. ಅವರು ಊರಾಚೆಯ ಎತ್ತರದ ಗೋಡೆಯೊಳಗಿದ್ದರು. 1901ರಲ್ಲಿ ಠಾಣೆಯಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆ ಬಂದಾಗಲೂ ಹೀಗೇ ಆಯಿತು. ಮುಂಬಯಿಯಲ್ಲಿ ಯಾರಾದರೂ ಹಟ ಮಾಡಿದರೆ ‘ಇವನನ್ನು ಠಾಣೆಗೆ ಕಳಿಸಬೇಕು’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಮಾತಿಗೆ ಧಾರವಾಡದ ಹೆಸರು ಬರುತ್ತದೆ, ಬೆಂಗಳೂರಿನ ಕಡೆ ನಿಮ್ಹಾನ್ಸ್ ಹೆಸರು. ಊರು ಯಾವುದಾದರೂ, ರೋಗಿಯನ್ನು ಕಣ್ಣಿನಿಂದ ದೂರ ಇಡಬೇಕು ಎಂಬ ಭಾವನೆ ಒಂದೇ. ಕಣ್ಣಿಗೇ ಬೀಳದ ರೋಗಿಗಾಗಿ ಯಾವ ವಿದ್ಯಾರ್ಥಿ ತಾನೇ ತನ್ನ ಬದುಕನ್ನು ಮುಡಿಪಾಗಿಡುತ್ತಾನೆ?

ಈ ಸ್ಥಿತಿ ಬದಲಾಗತೊಡಗಿದ್ದು 1930ರ ದಶಕದಲ್ಲಿ. 1933ರಲ್ಲಿ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ, ಇಂದು ಆರ್.ಜಿ. ಕರ್ ಎಂದು ಹೆಸರಾದ ಕಾಲೇಜಿನ ಆಸ್ಪತ್ರೆಯಲ್ಲಿ, ಮಾನಸಿಕ ರೋಗಗಳಿಗೆ ಒಂದು ವಿಭಾಗ ತೆರೆದರು. ಸಾಮಾನ್ಯ ಆಸ್ಪತ್ರೆಯೊಳಗೆ ಇಂಥದ್ದು ನಮ್ಮ ದೇಶದಲ್ಲಿ ಅದೇ ಮೊದಲು. ಅದರ ಬೆನ್ನಿಗೇ, 1938ರಲ್ಲಿ, ಎರಡನೆಯದು ಬಂದದ್ದು ಇಲ್ಲಿಯೇ, ನಮ್ಮ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ಮಸಾನಿಯವರ ಮೂಲಕ. ಅದಕ್ಕೆ ಎರಡು ವರ್ಷ ಮೊದಲು, 1936ರಲ್ಲಿ, ಇಲ್ಲೇ ನಾಗಪಾಡಾದ ನೇಬರ್‌ಹುಡ್ ಹೌಸ್‌ನಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ಸಮಾಜಕಾರ್ಯದ ಶಾಲೆ ಆರಂಭಿಸಿದ್ದರು. ಇಂದು ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಬೆಳೆದದ್ದು ಅದರಿಂದ. ಆ ಶಾಲೆ 1937ರಲ್ಲಿ ಮಕ್ಕಳ ಮನಸ್ಸಿನ ತೊಂದರೆಗಳಿಗಾಗಿ ಒಂದು ಕ್ಲಿನಿಕ್ ತೆರೆಯಿತು. ಭಾರತದಲ್ಲಿ ಅಂಥ ಕ್ಲಿನಿಕ್ ಅದಕ್ಕೆ ಮುಂಚೆ ಇರಲಿಲ್ಲ. ಗಿರಣಿ ಕಾರ್ಮಿಕರ ಚಾಳ್‌ಗಳ ಮಧ್ಯೆ ಮೂರೇ ವರ್ಷದೊಳಗೆ ಇಷ್ಟೆಲ್ಲ ಆಯಿತು. ಬೈಕುಲ್ಲಾದವರಿಗೆ ತಮ್ಮ ಊರಿನ ರಾಣಿಬಾಗ್ ಗೊತ್ತು, ಗಿರಣಿಗಳು ಗೊತ್ತು; ಈ ಚರಿತ್ರೆಯೂ ಗೊತ್ತಿರಬೇಕೆಂಬುದು ನನ್ನ ಆಸೆ. ರಾಣಿಬಾಗ್ ಸಮೀಪದ ಮಸೀನಾ ಆಸ್ಪತ್ರೆಯಲ್ಲೂ ಮನೋರೋಗಗಳ ವಾರ್ಡ್ ಬಹಳ ಕಾಲದಿಂದ ಇದೆ.

1938ರ ಆ ವಿಭಾಗದಿಂದ ಆದದ್ದೇನು? ಬೆಳಿಗ್ಗೆ ಮುರಿದ ಕಾಲನ್ನು ನೋಡಿದ ವಿದ್ಯಾರ್ಥಿ ಅದೇ ಆವರಣದಲ್ಲಿ, ಅದೇ ಬಿಳಿ ಕೋಟು ತೊಟ್ಟು, ಮಧ್ಯಾಹ್ನ ಮುರಿದ ಮನಸ್ಸನ್ನೂ ನೋಡುವಂತಾಯಿತು. ಮಾನಸಿಕ ರೋಗಿಯೂ ಎಲ್ಲರ ಹಾಗೆ ಕೇಸ್ ಪೇಪರ್ ಮಾಡಿಸಿ, ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಬರುವ ಮನುಷ್ಯ ಎಂಬುದು ಕಣ್ಣೆದುರು ಕಂಡಿತು. ಒಂದು ವೃತ್ತಿಯ ಮರ್ಯಾದೆ ಹೆಚ್ಚಲು ಭಾಷಣಗಳಿಗಿಂತ ಅದರ ಓ.ಪಿ.ಡಿ. ಎಲ್ಲಿದೆ ಎಂಬುದು ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಇಂದಿಗೂ ಮನೋವೈದ್ಯ ವಿಭಾಗವನ್ನು ಆವರಣದ ಕಟ್ಟಕಡೆಯ ಮೂಲೆಗೆ ತಳ್ಳಿರುವ ಕಾಲೇಜುಗಳಿವೆ. ಅಲ್ಲಿನ ಆಡಳಿತದವರು ತಮ್ಮ ವಿದ್ಯಾರ್ಥಿಗಳಿಗೆ ಏನು ಹೇಳಿಕೊಡುತ್ತಿದ್ದಾರೆಂದು ಒಮ್ಮೆ ಯೋಚಿಸಬೇಕು.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ: ಮನೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ದೇಶಗಳ 46 ಮೆಡಿಕಲ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಈ ಬಗ್ಗೆ ಕೇಳಿದ್ದರು. ಪ್ರಶ್ನಾವಳಿ ಹೋದದ್ದು 9,135 ಮಂದಿಗೆ, ಉತ್ತರಿಸಿದವರು 2,198. ಉತ್ತರ ಬರೆಯುವಷ್ಟು ಆಸಕ್ತಿ ಇದ್ದವರೇ ಹೆಚ್ಚು ಬರೆದಿರಬಹುದು ಎಂಬ ಎಚ್ಚರದೊಡನೆ ಈ ಅಂಕಿಗಳನ್ನು ಓದಬೇಕು. ಖಂಡಿತ ಮನೋವೈದ್ಯರಾಗುತ್ತೇವೆ ಎಂದವರು ಶೇ. 4.5. ಖಂಡಿತ ಆಗುವುದಿಲ್ಲ ಎಂದವರು ಶೇ. 25. ಸ್ವಭಾವದ ಬಗೆಗೂ ಈ ಆಯ್ಕೆಗೂ ನಂಟು ಕಾಣಲಿಲ್ಲ. ಅಂತರ್ಮುಖಿ, ಭಾವುಕ, ಕವಿಹೃದಯಿ ಇಂಥವರೇ ಈ ಕಡೆ ಬರುತ್ತಾರೆ ಎಂಬ ನಮ್ಮ ಊಹೆಗೆ ಅಲ್ಲಿ ಆಧಾರ ಸಿಗಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ನಂಟು ಕಂಡದ್ದು ಬೇರೆಯ ಕಡೆ: ಮೆಡಿಕಲ್ ಕಾಲೇಜಿಗೆ ಸೇರುವ ಮೊದಲೇ ಮನಸ್ಸಿನ ವಿಷಯದಲ್ಲಿ ಆಸಕ್ತಿ ಇದ್ದವರು.

ಸೇರುವ ಮೊದಲೇ ಎಂದರೆ ಮನೆಯಲ್ಲಿ, ಶಾಲೆಯಲ್ಲಿ, ಓದಿದ ಪುಸ್ತಕದಲ್ಲಿ, ನೋಡಿದ ಸಿನಿಮಾದಲ್ಲಿ. ಈ ವಿಷಯದಲ್ಲಿ ಕನ್ನಡದ ಮಕ್ಕಳು ಭಾಗ್ಯವಂತರು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮನಸ್ಸಿನ ಕಾಯಿಲೆಯ ಬಗ್ಗೆ ಇಷ್ಟು ದೀರ್ಘಕಾಲ, ಇಷ್ಟು ಗಂಭೀರವಾಗಿ, ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದ ಪರಂಪರೆ ನಮ್ಮದು. ತ್ರಿವೇಣಿಯವರು ಬದುಕಿದ್ದು 1928ರಿಂದ 1963ರವರೆಗೆ, ಅಷ್ಟೇ. ಆ ಅಲ್ಪಾಯುಷ್ಯದಲ್ಲೇ ಹೆಣ್ಣಿನ ಮನಸ್ಸಿನ ಬೇನೆಯನ್ನು ಕಾದಂಬರಿಗಳ ಮೂಲಕ ಮನೆಮನೆಯ ಮಾತಾಗಿಸಿದರು. ಅವರ ‘ಶರಪಂಜರ’ದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ, ನೆರೆಯವರ ಅನುಮಾನದ ಕಣ್ಣುಗಳು ಮಾತ್ರ ಗುಣವಾಗಿರುವುದಿಲ್ಲ. ಅವಳು ಜೋರಾಗಿ ನಕ್ಕರೂ ರೋಗ, ಸಿಟ್ಟಾದರೂ ರೋಗ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಆ ಪಾತ್ರವನ್ನು ಮಾಡಿದ ಮೇಲೆ ಈ ಕಥೆ ಅಕ್ಷರ ಬಾರದವರನ್ನೂ ಮುಟ್ಟಿತು. ಗುಣವಾದ ರೋಗಿ ಮತ್ತೆ ಏಕೆ ಕೆಡುತ್ತಾರೆ ಎಂಬ ಪ್ರಶ್ನೆಗೆ ಮನೆಯವರ ಟೀಕೆ, ಹಗೆತನ ಒಂದು ಮುಖ್ಯ ಕಾರಣ ಎಂದು ಮನೋವೈದ್ಯಶಾಸ್ತ್ರವೂ ಕಂಡುಕೊಂಡಿದೆ. ಎಂ.ಡಿ. ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವಾಗ ನಾನು ಮೊದಲು ‘ಶರಪಂಜರ’ ಓದಿಸುತ್ತಿದ್ದೆ.

‘ಕೊರವಂಜಿ’ಯ ರಾ.ಶಿ. ಎಂದು ನಾವೆಲ್ಲ ಬಲ್ಲ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಗೆಬರಹಕ್ಕಲ್ಲ, ‘ಮನಮಂಥನ’ ಎಂಬ ಮನೋವೈದ್ಯಕೀಯ ಪುಸ್ತಕಕ್ಕೆ. ಒಂದು ಭಾಷೆಯ ಅತ್ಯುತ್ತಮ ಕೃತಿಯೆಂದು ಮನೋರೋಗಗಳ ಕುರಿತ ಪುಸ್ತಕವನ್ನು ಗುರುತಿಸಿದ್ದು ನಮಗೆ ಹೆಮ್ಮೆಯ ವಿಷಯ. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಬಂದರು. ಪರೀಕ್ಷೆಯ ಭಯ, ಕುಡಿತ, ಖಿನ್ನತೆ, ದಾಂಪತ್ಯದ ಜಗಳ, ಹೀಗೆ ಒಂದೊಂದಕ್ಕೂ ಕಡಿಮೆ ಬೆಲೆಯ ಸಣ್ಣ ಪುಸ್ತಕ ಬರೆದು ಹಳ್ಳಿಯ ಗ್ರಂಥಾಲಯಕ್ಕೂ ಮುಟ್ಟಿಸಿದರು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗದ ಡಾ. ಅಶೋಕ ಪೈ ಅವರ ಅನುಭವದಿಂದ ಸುರೇಶ್ ಹೆಬ್ಳೀಕರರ ‘ಕಾಡಿನ ಬೆಂಕಿ’ ಎಂಬ ಚಿತ್ರ 1988ರಲ್ಲಿ ಮೂಡಿತು. ಬಾಲ್ಯದ ಗಾಯ ದೊಡ್ಡವರಾದ ಮೇಲೆ ಹೇಗೆ ತಲೆಯೆತ್ತುತ್ತದೆ ಎಂಬುದನ್ನು ತೆರೆಯ ಮೇಲೆ ತೋರಿಸಿದ ಚಿತ್ರ ಅದು. ‘ಯಾಕಪ್ಪಾ ಸೈಕಿಯಾಟ್ರಿ?’ ಎಂದು ನಾನು ಕೇಳಿದಾಗ ಕನ್ನಡದ ವಿದ್ಯಾರ್ಥಿಗಳು ಫ್ರಾಯ್ಡನ ಹೆಸರಿಗಿಂತ ಮೊದಲು ಅಮ್ಮನ ಕಪಾಟಿನಲ್ಲಿದ್ದ ತ್ರಿವೇಣಿಯ ಹೆಸರು ಹೇಳಿದ್ದಾರೆ.

ಅದೇ ಸಿನಿಮಾ ಎದುರಿನ ಕೆಲಸವನ್ನೂ ಮಾಡಿದೆ. ಪುಟ್ಟಣ್ಣನವರ ‘ಮಾನಸ ಸರೋವರ’ 1982ರದು. ರೋಗಿಗೆ ಚಿಕಿತ್ಸೆ ಮಾಡಿದ ಮನೋವೈದ್ಯನೇ ಕೊನೆಗೆ ಹುಚ್ಚನಾಗುತ್ತಾನೆ. ಶ್ರೀನಾಥರ ಅಭಿನಯ ಅದ್ಭುತ; ಕಲೆಯಾಗಿ ಅದು ದೊಡ್ಡದು. ಆದರೆ ಅದನ್ನು ನೋಡಿದ ಎಷ್ಟೋ ತಾಯಂದಿರ ಮನಸ್ಸಿನಲ್ಲಿ ‘ಹುಚ್ಚರ ಸಹವಾಸ ಮಾಡಿದರೆ ಮಗನೂ ಹಾಗೇ ಆಗುತ್ತಾನೆ’ ಎಂಬ ಭಯ ಉಳಿದುಬಿಟ್ಟಿತು. ಮಗಳು ಈ ಬ್ರಾಂಚ್ ತೆಗೆದುಕೊಂಡಳೆಂದು ಅತ್ತ ತಂದೆಯರನ್ನು ನಾನು ಕಂಡಿದ್ದೇನೆ. ‘ಗಂಡು ಕೊಡುವವರು ಏನಂದಾರು?’ ಎಂದು ಕೇಳಿದ ಅಜ್ಜಿಯರೂ ಇದ್ದಾರೆ. ಅವರೆಲ್ಲರಿಗೂ ಹೇಳಬೇಕಾದದ್ದು ಇಷ್ಟೇ: ಮಾನಸಿಕ ಕಾಯಿಲೆ ಅಂಟುವುದಿಲ್ಲ. ಈ ಕೆಲಸದಲ್ಲಿ ದಣಿವಿದೆ, ನಿಜ. ದಣಿವಿಗೆ ವಿಶ್ರಾಂತಿ ಬೇಕು, ಜೊತೆಗಾರರು ಬೇಕು. ಭಯ ಬೇಕಿಲ್ಲ.

ಮನೆಯ ವಿಷಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಮೆಲ್ಲಗೆ ಹೇಳಬೇಕು. ಈ ಕ್ಷೇತ್ರಕ್ಕೆ ಬರುವ ಕೆಲವರ ಮನೆಯಲ್ಲೇ ಕಾಯಿಲೆ ಇರುತ್ತದೆ. ಅಣ್ಣನಿಗೆ ಸ್ಕಿಜೋಫ್ರೀನಿಯಾ, ತಾಯಿಗೆ ಖಿನ್ನತೆ, ಇಲ್ಲವೇ ಚಿಕ್ಕಪ್ಪ ಬಾವಿಗೆ ಬಿದ್ದ ಸಂಗತಿ. ಕೆಲವೊಮ್ಮೆ ವಿದ್ಯಾರ್ಥಿಗೇ ತೊಂದರೆ ಇದ್ದು ಗುಣವಾಗಿರುತ್ತದೆ. ಆಗಲೇ ಹೇಳಿದ ಅಧ್ಯಯನದಲ್ಲೂ ಕಾಯಿಲೆಯ ಅನುಭವಕ್ಕೂ ಈ ಆಯ್ಕೆಗೂ ನಂಟು ಕಂಡಿತ್ತು. ಇದನ್ನು ಯಾರೂ ಸಂದರ್ಶನದಲ್ಲಿ ಹೇಳುವುದಿಲ್ಲ. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು, ಬ್ಯಾಗಿನ ಪಟ್ಟಿ ಹಿಡಿದು, ಅರ್ಧ ವಾಕ್ಯದಲ್ಲಿ ಹೇಳುತ್ತಾರೆ. ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ: ಅದನ್ನು ದೌರ್ಬಲ್ಯವೆಂದು ಎಣಿಸಬೇಡಿ. ರೋಗಿಯ ಮನೆಯವರು ರಾತ್ರಿ ಎರಡಕ್ಕೆ ಹೇಗಿರುತ್ತಾರೆ ಎಂದು ತಿಳಿದ ವೈದ್ಯ ಅವರು. ತಮ್ಮ ಮನೆಯ ನೋವನ್ನೂ ರೋಗಿಯ ನೋವನ್ನೂ ಬೇರೆಬೇರೆಯಾಗಿ ನೋಡುವುದನ್ನು ಅವರಿಗೆ ಕಲಿಸುವುದು ನಮ್ಮ ಕೆಲಸ.

ಇನ್ನು ಮೂರನೆಯ ವಿಷಯ, ವಾರ್ಡು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಎಂ.ಬಿ.ಬಿ.ಎಸ್.ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಬೇರೆ ಪರೀಕ್ಷೆ ಇಲ್ಲ. ಜನರಲ್ ಮೆಡಿಸಿನ್ ಪತ್ರಿಕೆಯೊಳಗೆ ಒಂದೆರಡು ಪ್ರಶ್ನೆ ಬರುತ್ತದೆ. ಪರೀಕ್ಷೆ ಇಲ್ಲದ್ದನ್ನು ವಿದ್ಯಾರ್ಥಿ ಓದುವುದು ಕಷ್ಟ. ಪೋಸ್ಟಿಂಗ್ ಎಂದರೆ ಕೆಲವೇ ವಾರ, ದಿನಕ್ಕೆ ಬೆಳಗಿನ ಒಂದಷ್ಟು ಹೊತ್ತು. ಇಂಟರ್ನ್‌ಶಿಪ್‌ನಲ್ಲಿ ಬಹುಕಾಲ ಬೇಕಿದ್ದವರು ಮಾತ್ರ ಆರಿಸಿಕೊಳ್ಳುವ ವಿಷಯವಾಗಿತ್ತು. 2021ರ ನಿಯಮದಿಂದ ಎರಡು ವಾರ ಕಡ್ಡಾಯವಾಯಿತು. ಇದು ಒಳ್ಳೆಯ ಬದಲಾವಣೆ. ಆದರೆ ಆ ಎರಡು ವಾರಗಳನ್ನು ಬಹಳ ಕಡೆ ಹೇಗೆ ಬಳಸುತ್ತಾರೆಂದರೆ, ಇಂಟರ್ನ್ ಓ.ಪಿ.ಡಿ.ಯಲ್ಲಿ ರಕ್ತದೊತ್ತಡ ನೋಡುತ್ತಾನೆ, ಫಾಲೋಅಪ್ ಚೀಟಿಯಲ್ಲಿ ಹಳೆಯ ಮಾತ್ರೆಗಳನ್ನೇ ಮತ್ತೆ ಬರೆಯುತ್ತಾನೆ. ಒಬ್ಬ ರೋಗಿಯ ಕಥೆಯನ್ನೂ ಪೂರ್ತಿ ಕೇಳದೆ ಹೊರಗೆ ಹೋಗುತ್ತಾನೆ. ಹೋದವನು ಗೆಳೆಯರಿಗೆ ಏನು ಹೇಳುತ್ತಾನೆ? ‘ಅಲ್ಲಿ ಏನೂ ಇಲ್ಲ, ಯಾರೂ ಗುಣವಾಗುವುದಿಲ್ಲ.’

2014ರ ಆ ಅಧ್ಯಯನದ ಒಂದು ಫಲಿತಾಂಶ ಉಪನ್ಯಾಸಕರಾದ ನಮ್ಮನ್ನು ಎಚ್ಚರಿಸಬೇಕು. ತರಗತಿಯ ಉಪನ್ಯಾಸ ಪಡೆದವರಲ್ಲಿ ಮನೋವೈದ್ಯರಾಗುವ ಒಲವು ಕಡಿಮೆಯಾಗಿತ್ತು. ತಾವಾಗಿ ಆರಿಸಿಕೊಂಡು ಈ ವಿಭಾಗದಲ್ಲಿ ಹೆಚ್ಚು ಕಾಲ ಕೆಲಸ ಮಾಡಿದವರಲ್ಲಿ, ತೀವ್ರವಾಗಿ ಅಸ್ವಸ್ಥರಾದವರನ್ನು ಹತ್ತಿರದಿಂದ ಕಂಡವರಲ್ಲಿ, ರೋಗಿಯ ಹೊಣೆ ತನ್ನ ಮೇಲಿದೆ ಎಂದು ಅನ್ನಿಸಿದವರಲ್ಲಿ ಒಲವು ಹೆಚ್ಚಿತ್ತು. ಹೊಣೆ ಕೊಟ್ಟರೆ ಆಸಕ್ತಿ ಹುಟ್ಟುತ್ತದೆ. ನನ್ನ ಅನುಭವವೂ ಇದೇ.

ಒಂದು ಪ್ರಸಂಗ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಜೊತೆಯವರು ಕರೆತಂದಿದ್ದರು. ಕರೆತಂದರು ಎನ್ನುವುದಕ್ಕಿಂತ ಎತ್ತಿ ತಂದರು ಎನ್ನಬೇಕು. ಮಾತಿಲ್ಲ, ಅನ್ನನೀರಿಲ್ಲ, ಕಣ್ಣು ತೆರೆದಿದೆ, ನೋಟ ಮಾತ್ರ ಎಲ್ಲಿಯೂ ಇಲ್ಲ. ಪೋಸ್ಟಿಂಗ್‌ಗೆ ಬಂದಿದ್ದ ವಿದ್ಯಾರ್ಥಿನಿಗೆ ಅವರ ಕೈಯನ್ನು ಮೆಲ್ಲಗೆ ಎತ್ತಿ ಬಿಡಲು ಹೇಳಿದೆ. ಎತ್ತಿದಳು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬೀಳಲಿಲ್ಲ. ಹುಡುಗಿ ಬೆಚ್ಚಿ ನನ್ನ ಮುಖ ನೋಡಿದಳು. ಕೆಟಟೋನಿಯಾ ಎಂಬ ಸ್ಥಿತಿ ಅದು. ಲೊರಾಜೆಪಾಮ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಎಷ್ಟೋ ಮಂದಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬದಲಾವಣೆ ಕಾಣುತ್ತದೆ. ರೆಸಿಡೆಂಟ್ 2 ಮಿಲಿಗ್ರಾಂ ಕೊಟ್ಟರು. ವಿದ್ಯಾರ್ಥಿನಿಗೆ ಅಲ್ಲೇ ಕೂತಿರು ಎಂದೆ. ಅವಳದು ಕರಾವಳಿಯ ಮೂಲ, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯ ಉಪನಗರದಲ್ಲಿ. ಅಷ್ಟು ಹೊತ್ತು ರೆಸಿಡೆಂಟ್ ಮರಾಠಿಯಲ್ಲೂ ಹಿಂದಿಯಲ್ಲೂ ಕೇಳಿ ಸೋತಿದ್ದರು. ಜೊತೆಯವರ ಮಾತಿನ ಧಾಟಿಯಿಂದ ಊರು ಗುರುತಿಸಿದ ಅವಳು ರೋಗಿಯ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಕೇಳಿದಳು, ‘ಅಣ್ಣ, ವಣಸ್ ಆಂಡಾ?’ ಊಟ ಆಯಿತಾ ಎಂದು. ತುಟಿ ಅಲುಗಿತು. ಸ್ವಲ್ಪ ಹೊತ್ತಿನ ಮೇಲೆ ಒಂದು ಶಬ್ದ ಬಂತು: ‘ನೀರ್.’

ಅವಳೇ ಲೋಟ ಹಿಡಿದು ಕುಡಿಸಿದಳು. ಆಮೇಲೆ ಅವಳ ಪೋಸ್ಟಿಂಗ್ ಮುಗಿದರೂ ಮಧ್ಯಾಹ್ನ ಬಂದು ಅವರ ಜೊತೆ ಕೂತು ಹೋಗುತ್ತಿದ್ದಳು. ಮಾತು ಬಂದ ಮೇಲೆ ಊರಿನಲ್ಲಿ ಆದದ್ದು, ಸಾಲ, ಸತ್ತ ತಮ್ಮ, ಕಿವಿಯಲ್ಲಿ ಕೇಳುತ್ತಿದ್ದ ದನಿಗಳು, ಎಲ್ಲ ಒಂದೊಂದಾಗಿ ಹೊರಬಂದವು. ಕೇಸ್ ಶೀಟಿನಲ್ಲಿ ಮೂರು ಸಾಲು ಇದ್ದದ್ದು ಅವಳ ಕೈಬರಹದಲ್ಲಿ ಪುಟಗಟ್ಟಲೆ ಆಯಿತು. ಔಷಧ ಬಾಗಿಲು ತೆರೆಯಿತು. ಒಳಗೆ ಹೋಗಿ ಯಾರಾದರೂ ಕೂರಬೇಕಿತ್ತು, ಅವಳು ಕೂತಳು. ಮುಂದೆ ಅವಳು ಯಾವ ಸೀಟು ತೆಗೆದುಕೊಂಡಳೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಗುಣವಾಗುವುದಿಲ್ಲ ಎಂಬ ತಪ್ಪು ಕಲ್ಪನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. 1949ರಲ್ಲಿ ಲಿಥಿಯಂ, 1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಂದಂದಿನಿಂದ ನಮ್ಮ ಕೈಯಲ್ಲಿ ನಿಜವಾದ ಮದ್ದುಗಳಿವೆ. ಎಲ್ಲರೂ ಪೂರ್ತಿ ಗುಣವಾಗುತ್ತಾರೆಂದು ನಾನು ಹೇಳುವುದಿಲ್ಲ. ಮಧುಮೇಹದವರೂ, ಹೃದಯದ ಕಾಯಿಲೆಯವರೂ ಎಲ್ಲರೂ ಪೂರ್ತಿ ಗುಣವಾಗುವುದಿಲ್ಲ. ಆ ಕಾರಣಕ್ಕೆ ಯಾವ ವಿದ್ಯಾರ್ಥಿಯೂ ಹೃದಯವಿಜ್ಞಾನವನ್ನು ಬೇಡವೆನ್ನುವುದಿಲ್ಲ.

ಪ್ರಾಯೋಗಿಕ ಕಾರಣಗಳನ್ನೂ ಹೇಳಬೇಕು, ಚಿಕ್ಕದಾಗಿ. ನೀಟ್ ಪಿ.ಜಿ. ರ‍್ಯಾಂಕ್ ಎಷ್ಟೋ ಮಂದಿಯ ಆಯ್ಕೆಯನ್ನು ತಾನೇ ಮಾಡಿಬಿಡುತ್ತದೆ. ಒಳ್ಳೆಯ ರ‍್ಯಾಂಕ್ ಬಂದವನು ಸೈಕಿಯಾಟ್ರಿ ಬರೆದರೆ ‘ಸೀಟು ಹಾಳು ಮಾಡಿಕೊಂಡೆ’ ಎನ್ನುವ ಹಿರಿಯ ವೈದ್ಯರು ಇಂದಿಗೂ ಇದ್ದಾರೆ. ಇನ್ನೊಂದು ಕಡೆ, ಈ ವೃತ್ತಿಗೆ ಆಪರೇಷನ್ ಥಿಯೇಟರ್ ಬೇಡ, ಕೋಟಿ ಬೆಲೆಯ ಯಂತ್ರ ಬೇಡ. ಮುಂಬಯಿಯಂಥ ಬಾಡಿಗೆಯ ಊರಿನಲ್ಲಿ ಒಂದು ಮೇಜು, ಕೆಲವು ಕುರ್ಚಿ, ಒಂದು ಸಣ್ಣ ಕೋಣೆ ಸಾಕು. ಆ ಕೋಣೆಯ ಗೋಡೆ ಪ್ಲೈವುಡ್‌ನದಾಗಿ ಮಾತು ಹೊರಗೆ ಕೇಳುವಂತಿರಬಾರದು, ಅಷ್ಟೇ. ರಾತ್ರಿ ಕರೆ ಕಡಿಮೆ, ಸಂಸಾರಕ್ಕೆ ಸಮಯ ಸಿಗುತ್ತದೆ ಎಂದು ಬರುವವರಿದ್ದಾರೆ. ಈ ಕಾರಣಗಳನ್ನು ನಾನು ಕೀಳಾಗಿ ಕಾಣುವುದಿಲ್ಲ. ಯಾವ ಕಾರಣಕ್ಕೆ ಬಂದರೂ ಸರಿ, ಕೂತು ಕೇಳುವುದನ್ನು ಕಲಿತರೆ ಒಳ್ಳೆಯ ವೈದ್ಯರಾಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂದ ಮೇಲೆ ರೋಗಿಯ ಹಕ್ಕುಗಳ ಬಗ್ಗೆ ಕಳಕಳಿಯುಳ್ಳ ಯುವಕರೂ ಬರುತ್ತಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತೆ ಕಾಣದೆ, ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು ಎನ್ನುತ್ತದೆ ಆ ಕಾಯ್ದೆ. ಇದು ಬಹಳ ದೊಡ್ಡ ಹೆಜ್ಜೆ.

ಕಷ್ಟವನ್ನು ಮುಚ್ಚಿಡಬಾರದು. ರೆಸಿಡೆಂಟ್ ಆದವರಿಗೆ ಒಂದಲ್ಲ ಒಂದು ದಿನ ತಾವು ನೋಡುತ್ತಿದ್ದ ರೋಗಿ ಜೀವ ಕಳೆದುಕೊಂಡ ಸುದ್ದಿ ಬರುತ್ತದೆ. ಆ ದಿನ ವಿಭಾಗದ ಹಿರಿಯರು ‘ಫೈಲು ಸರಿಯಾಗಿದೆಯಾ?’ ಎಂದು ಕೇಳುವ ಮೊದಲು ಆ ಹುಡುಗನ ಪಕ್ಕದಲ್ಲಿ ಕೂರಬೇಕು. ಹಾಗೆ ಕೂತ ಅಧ್ಯಾಪಕರಿದ್ದ ವಿಭಾಗಗಳಿಗೆ ವಿದ್ಯಾರ್ಥಿಗಳು ಬರುತ್ತಾರೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳೇ, ನಿಮಗೇ ಮನಸ್ಸು ಭಾರವಾದಾಗಲೂ ಸಂಕೋಚ ಬೇಡ. ಕೇಂದ್ರ ಸರ್ಕಾರದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು.

ಭಾಷೆಯ ಮಾತು ಬಂತು. ಅದೇ ನನ್ನ ಕೊನೆಯ ವಿಷಯ.

ಎಡಿನ್‌ಬರೋದ ಪ್ರೊಫೆಸರ್ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್.ಎಲ್. ಕಪೂರ್ ಸೇರಿ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ 1976ರಲ್ಲಿ ಬಂತು. ಕೋಟ ಎಂದರೆ ಶಿವರಾಮ ಕಾರಂತರ ಹುಟ್ಟೂರು, ನಮ್ಮ ಕರಾವಳಿಯ ಕೋಟ. ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳಲ್ಲಿ ಮನಸ್ಸಿನ ತೊಂದರೆ ಎಷ್ಟು, ಯಾವ ಬಗೆಯದು, ಬದಲಾಗುತ್ತಿದ್ದ ಬದುಕಿಗೂ ಅದಕ್ಕೂ ಏನು ನಂಟು ಎಂದು ಮನೆಮನೆ ತಿರುಗಿ ಕೇಳಿ ಬರೆದ ಪುಸ್ತಕ ಅದು. ಜನ ವೈದ್ಯರ ಹತ್ತಿರವೂ ಹೋಗುತ್ತಿದ್ದರು, ಮಂತ್ರವಾದಿಯ ಹತ್ತಿರವೂ, ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರವೂ. ಅವರನ್ನು ಗೇಲಿ ಮಾಡದೆ, ಅವರೇಕೆ ಹಾಗೆ ಹೋಗುತ್ತಾರೆಂದು ಸಂಶೋಧಕರು ಕೇಳಿಸಿಕೊಂಡರು. ಆ ಮೂರು ಸಮುದಾಯಗಳ ಎಷ್ಟು ಕುಟುಂಬಗಳು ಮುಂಬಯಿಗೆ ಬಂದಿವೆ ಎಂದು ಈ ಸಭೆಗೆ ನಾನು ಹೇಳಬೇಕೆ? ಕೋಟದಲ್ಲಿ ಕಂಡ ದುಗುಡಗಳು ರೈಲು ಹತ್ತಿ, ಬಸ್ಸು ಹತ್ತಿ ಇಲ್ಲಿಗೂ ಬಂದಿವೆ.

ಬೇರೆ ವೈದ್ಯರಿಗೆ ಸ್ಟೆತಸ್ಕೋಪ್ ಇದೆ, ಸ್ಕ್ಯಾನ್ ಇದೆ, ರಕ್ತಪರೀಕ್ಷೆ ಇದೆ. ಮನೋವೈದ್ಯರಿಗೆ ಮುಖ್ಯ ಸಾಧನ ಮಾತು. ನಲವತ್ತು ವರ್ಷ ಇಲ್ಲಿದ್ದು ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ, ಗಲ್ಲೆಯ ಮೇಲೆ ಸಲೀಸಾಗಿ ಹಿಂದಿ-ಮರಾಠಿ ಆಡುವವರು ಖಿನ್ನತೆಯಲ್ಲಿ ಮಾತಾಡುವಾಗ ತಾಯಿನುಡಿಗೇ ಹಿಂದಿರುಗುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಮರೆವಿನ ರೋಗ ಬಂದ ಹಿರಿಯರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗಿ, ಬಾಲ್ಯದ ಭಾಷೆ ಕೊನೆಗೆ ಉಳಿಯುವುದೂ ಉಂಟು. ‘ಎದೆ ಉರಿಯುತ್ತದೆ’, ‘ಜೀವ ಹಾರಿಹೋದ ಹಾಗಾಗುತ್ತದೆ’, ‘ತಲೆಯೊಳಗೆ ಹುಳ ಹರಿದ ಹಾಗೆ’ ಎಂದು ಮನೆಯ ಅಮ್ಮ ಹೇಳಿದಾಗ ಅದರ ತೂಕ ತಿಳಿಯುವ ವೈದ್ಯ ಬೇಕು. ಅದನ್ನು ದುಭಾಷಿಯಿಂದ ಕೇಳಿದರೆ ಅರ್ಧವೇ ಸಿಗುತ್ತದೆ. ಅದರಲ್ಲೂ ದುಭಾಷಿ ಸ್ವಂತ ಮಗನೇ ಆಗಿದ್ದರೆ ತಾಯಿ ಹೇಳಬೇಕಾದದ್ದನ್ನೇ ಹೇಳುವುದಿಲ್ಲ.

ಆದ್ದರಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲ ಮುಂಬಯಿಯ ಮಕ್ಕಳು ಈ ಕ್ಷೇತ್ರಕ್ಕೆ ಬರಬೇಕೆಂಬುದು ನನ್ನ ಹಂಬಲ. ಮನೆಯಲ್ಲಿ ಮಾತಾಡುತ್ತೇವೆ, ಓದಲು ಬರುವುದಿಲ್ಲ ಎಂದು ಹಿಂಜರಿಯುವವರಿಗೆ ನನ್ನ ಮಾತು: ರೋಗಿಯೊಡನೆ ಕೂರಲು ಆ ಮನೆಮಾತು ಸಾಕು.

ಈ ಉಪನ್ಯಾಸಕ್ಕೆ ದತ್ತಿನಿಧಿಯನ್ನು ಇರಿಸಿದ ಕುಟುಂಬದ ಹಿರಿಯರ ಮುಂದೆ ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ಈಗಿನ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ವಿದ್ಯಾರ್ಥಿ ತಾನೇ ವಿಷಯ ಆರಿಸಿಕೊಂಡು ಕಲಿಯುವ ‘ಇಲೆಕ್ಟಿವ್’ ಎಂಬ ಅವಕಾಶವಿದೆ. ಪ್ರತಿ ವರ್ಷ ಉಪನ್ಯಾಸದ ಜೊತೆಗೆ, ಮುಂಬಯಿಯ ಒಬ್ಬ ಕನ್ನಡ ಬಲ್ಲ ವಿದ್ಯಾರ್ಥಿ ಆ ಅವಧಿಯನ್ನು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಮನೋವೈದ್ಯ ವಿಭಾಗದಲ್ಲಿ ಕಳೆಯಲು ಪ್ರಯಾಣ ಮತ್ತು ಊಟ-ವಸತಿಯ ಖರ್ಚನ್ನು ಈ ನಿಧಿಯಿಂದ ಕೊಡಬಹುದೇ ಎಂದು ಯೋಚಿಸಿ. ಕಾಲೇಜುಗಳ ಒಪ್ಪಿಗೆ ಪಡೆಯುವ ಓಡಾಟವನ್ನು ನಾನೇ ಮಾಡುತ್ತೇನೆ. ಅರ್ಜಿಗೆ ಅಂಕಪಟ್ಟಿ ಕೇಳುವುದು ಬೇಡ. ಒಬ್ಬ ರೋಗಿಯ ಜೊತೆ ಕೂತು ಕೇಳಿದ್ದನ್ನು, ಅವರ ಒಪ್ಪಿಗೆ ಪಡೆದು, ಹೆಸರು-ಗುರುತು ಬಿಟ್ಟು, ಎರಡು ಪುಟದಲ್ಲಿ ಬರೆದು ಕಳಿಸಲಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಯಾವ ಲಿಪಿಯಲ್ಲಾದರೂ ಬರೆಯಲಿ. ಓದಿ ಆರಿಸುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.